ಬಿಚ್ಚಿ ನೇಯ್ದ ಒಂದು ಗೇಣು

ನಮ್ಮೂರಲ್ಲಿ ಸತ್ತವರು ರಾತ್ರಿ ಬರುವುದಿಲ್ಲ. ರಾತ್ರಿ ಬರುವವರು ದನಗಳ್ಳರು ಮಾತ್ರ. ಸತ್ತವರು, ಅದರಲ್ಲೂ ಸತ್ತ ನೇಕಾರ ಹೆಂಗಸರು, ಬರುವುದು ನಡುಮಧ್ಯಾಹ್ನ. ಊರೆಲ್ಲ ಉಂಡು ಜೋಲಿಯಲ್ಲಿ ಮಲಗಿ, ಕಂಬಗಳ ಮೇಲೆ ನಿಂತ ಮನೆಗಳ ಕೆಳಗಿನ ಮಗ್ಗಗಳು ಸುಮ್ಮನಾದ ಹೊತ್ತಿಗೆ. ಮಗ್ಗದ ಮೇಲೆ ಇನ್ನೂ ನೇಯದ ಹಾಸು ಉಳಿಸಿಕೊಂಡು ಸತ್ತವಳು ಅದನ್ನು ಮುಗಿಸಲು ಬಂದು ಕೂರುತ್ತಾಳೆ ಎನ್ನುತ್ತಾರೆ. ಅದಕ್ಕೇ ನೂರನೇ ದಿನದ ಪೂಜೆಯೊಳಗೆ ಉಳಿದದ್ದನ್ನು ಬೇರೆ ಯಾರಾದರೂ ನೇಯ್ದು, ಬಟ್ಟೆ ಕತ್ತರಿಸಿ ವಿಹಾರಕ್ಕೆ ಕೊಟ್ಟುಬಿಡಬೇಕು. ಆಮೇಲೆ ಸತ್ತವಳಿಗೆ ಈ ಕಡೆ ಕೆಲಸವೂ ಇಲ್ಲ, ದಾರಿಯೂ ಇಲ್ಲ.

ಎಲ್ಲರೂ ಹೆದರಿ ಅವಸರ ಅವಸರವಾಗಿ ಮುಗಿಸುತ್ತಾರೆ. ಥಾವ್ರಿ ಅಕ್ಕ ಮಾತ್ರ ಮುಗಿಸಲಿಲ್ಲ. ಬೇಕೆಂದೇ ಮುಗಿಸಲಿಲ್ಲ.

ನಾನು ಪೋವ್. ಮನೆಗೆ ಕೊನೆಯ ಮಗಳಾದ್ದರಿಂದ ಆ ಹೆಸರು, ಐವತ್ತು ದಾಟಿದರೂ ಅದೇ. ಅಕ್ಕನ ಪಕ್ಕದ ಮನೆಯವಳು. ಊರಿನ ನೇಯ್ಗೆ ಕೇಂದ್ರಕ್ಕೆ ರೇಷ್ಮೆ ಬೇಯಿಸಿ ಬಣ್ಣ ಹಾಕುವುದು ನನ್ನ ಕೆಲಸ, ಅರಗಿನ ಕೆಂಪು ನನ್ನ ಉಗುರಿನಿಂದ ಈ ಜನ್ಮದಲ್ಲಿ ಹೋಗುವುದಿಲ್ಲ. ನನ್ನ ಬಾಯಿ ಜೋರು ಎಂದು ಊರು ಹೇಳುತ್ತದೆ. ಹೇಳಲಿ. ಬಾಯಿ ಜೋರಿದ್ದವರು ಕೊನೆಗೆ ಮಾತು ಉಳಿಸಿಕೊಂಡು ಸಾಯುವುದಿಲ್ಲವಲ್ಲ, ಅಷ್ಟೇ ಸಾಕು.

ಊರು ಬಿಡಿಸಿ, ಎಲ್ಲರಿಗೂ ಕಪ್ಪು ಬಟ್ಟೆ ಉಡಿಸಿ, ಹೊಲದಲ್ಲಿ ದುಡಿಸಿ ಸಾಯಿಸಿದ ಆ ಕೆಟ್ಟ ಕಾಲ ಮುಗಿದು ಜನ ಊರಿಗೆ ಮರಳಿದಾಗ ಥಾವ್ರಿಯ ಮನೆಯಿಂದ ಬಂದವಳು ಥಾವ್ರಿ ಒಬ್ಬಳೇ. ಆಗವಳು ಇನ್ನೂ ಹುಡುಗಿ. ಅಪ್ಪ, ಅಮ್ಮ, ಅಣ್ಣಂದಿರು ಯಾರು ಎಲ್ಲಿ ಬಿದ್ದರೋ, ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳುವುದಕ್ಕೆ ಯಾರ ಮನೆಯಲ್ಲಿ ಎಲ್ಲರೂ ಉಳಿದಿದ್ದರು? ಅದೇ ಮಳೆಗಾಲದಲ್ಲಿ ನದಿಯ ಆಚೆಯಿಂದ ಗಂಡನನ್ನು ಹುಡುಕಿಕೊಂಡು ಕೋಲಾಪ್ ಬಂದಳು. ಗಂಡ ಸಿಗಲಿಲ್ಲ, ಕೋಲಾಪ್ ಇಲ್ಲೇ ಉಳಿದಳು. ಕೊಳದ ಆಚೆ ಬದಿಯಲ್ಲಿ ತಾಳೆಗರಿಯ ಗುಡಿಸಲು ಹಾಕಿಕೊಂಡಳು.

ಥಾವ್ರಿಯ ಅಮ್ಮನ ಮಗ್ಗದ ಕಂಬಗಳನ್ನು ಯಾರೋ ಹಂದಿಗೂಡಿಗೆ ಬಳಸಿದ್ದರು. ಇಬ್ಬರೂ ಹೋಗಿ ಜಗಳವಾಡಿ ಕಿತ್ತು ತಂದು ಥಾವ್ರಿಯ ಮನೆಯ ಕೆಳಗೆ ನಿಲ್ಲಿಸಿದರು. ಜಗಳವಾಡಿದ್ದು ಕೋಲಾಪ್, ಹೊತ್ತದ್ದು ಥಾವ್ರಿ. ಅಲ್ಲಿಂದ ಹಾಗೇ ನಡೆಯಿತು. ಕೋಲಾಪ್‌ಗೆ ಬಾಯಿ, ಥಾವ್ರಿಗೆ ಕಿವಿ. ಒಂದೇ ಮಗ್ಗ, ಇಬ್ಬರು ಹೆಂಗಸರು. ಬೆಳಿಗ್ಗೆ ಕೋಲಾಪ್ ನೇಯುವಾಗ ಥಾವ್ರಿ ಪಕ್ಕದಲ್ಲಿ ಕೂತು ನೂಲು ಸುತ್ತುವಳು, ಊಟವಾದ ಮೇಲೆ ಅದಲುಬದಲು. ನನ್ನ ಬಣ್ಣದ ಒಲೆಯ ಮುಂದೆ ಕೂತೇ ಮಗ್ಗದಲ್ಲಿ ಯಾರಿದ್ದಾರೆ ಎಂದು ಹೇಳುತ್ತಿದ್ದೆ. ಎಳೆ ಕೂರಿಸಲು ಥಾವ್ರಿ ಹಣಿಗೆಯನ್ನು ಒಂದೇ ಸಲ ಗಟ್ಟಿಯಾಗಿ ಬಡಿಯುವಳು, ಟಕ್. ಕೋಲಾಪ್ ಮೆತ್ತಗೆ ಎರಡು ಸಲ, ಟಕ ಟಕ.

ಒಮ್ಮೆ ಪಕ್ಕದ ಊರಿನ ಬಡಗಿಯೊಬ್ಬ ಥಾವ್ರಿಯನ್ನು ಮದುವೆಯಾಗುತ್ತೇನೆಂದು ಬಂದ. ಒಳ್ಳೆಯವನೇ. ಏಣಿಯ ಕೆಳಗೆ ಕೂತು ಕೇಳಿದ. ಅಕ್ಕ ತಲೆ ಬಗ್ಗಿಸಿ ನೇಯುತ್ತಲೇ ಇದ್ದಳು. ಹೂಂ ಇಲ್ಲ, ಉಹೂಂ ಇಲ್ಲ. ಅವನು ಹೊತ್ತು ಇಳಿಯುವವರೆಗೆ ಕಾದು ಎದ್ದು ಹೋದ, ಹೊಸವರ್ಷದ ಹೊತ್ತಿಗೆ ಬೇರೆ ಕಡೆ ಮದುವೆಯಾದ.

"ಈ ಮಹಾರಾಯ್ತಿ ಬಾಯಿ ತೆಗೆಯೋದು ತುತ್ತು ಹಾಕ್ಕೊಳ್ಳೋಕೆ ಮಾತ್ರ," ಎಂದು ಕೋಲಾಪ್ ಊರ ತುಂಬ ಹೇಳಿ ನಗಿಸಿದಳು. "ಆ ಬಡಗಿ ಬದಲು ಒಂದು ರೊಟ್ಟಿ ಬಂದಿದ್ರೆ ಮದುವೆ ಆಗ್ಬಿಡ್ತಿತ್ತು."

ಥಾವ್ರಿ ನಕ್ಕಳು. ಅವಳು ನಗುವುದು ಕೋಲಾಪ್ ಇದ್ದಾಗ ಮಾತ್ರ, ಅದೂ ಕೊರಳಿಗೆ ಸುತ್ತುವ ಚೌಕಳಿ ವಸ್ತ್ರ ಕ್ರಮಾದ ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಹುಡುಗಿಯರೆಲ್ಲ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಲಾರಿ ಹತ್ತತೊಡಗಿದಾಗ ಕೇಂದ್ರ ಬಂತು. ಬರದಿದ್ದರೆ ನಮ್ಮ ಮಗ್ಗಗಳು ಮತ್ತೆ ಹಂದಿಗೂಡೇ. ನೂಲು ಕೊಡುತ್ತಾರೆ, ನೇಯ್ದದ್ದನ್ನು ಕೊಳ್ಳುತ್ತಾರೆ, ಪಟ್ಟಣದ ಅಂಗಡಿಯಲ್ಲಿ ಮಾರಿ ಬಂದದ್ದರಲ್ಲಿ ಕಾಯಿಲೆ ಕಸಾಲೆಗೂ ಒಂದಿಷ್ಟು ಎತ್ತಿಡುತ್ತಾರೆ. ಕೇಂದ್ರ ನೋಡಿಕೊಳ್ಳುವ ರಚನಾ ನೋಮ್‌ಪೆನ್‌ನಲ್ಲಿ ಓದಿದ ಹುಡುಗಿ, ಆದರೆ ಗರ್ವವಿಲ್ಲ, ನಮ್ಮ ಮೀನುಗೊಜ್ಜು ಪ್ರಹೋಕನ್ನು ಬೆರಳು ನೆಕ್ಕಿ ತಿನ್ನುತ್ತಾಳೆ. ಕೆಲಸದಲ್ಲಿ ಮಾತ್ರ ಬಿಗಿ. ಬಟ್ಟೆಯನ್ನು ಬಿಳಿ ಮೇಜಿನ ಮೇಲೆ ಹರಡಿ, ತಪ್ಪು ಕಂಡ ಕಡೆ ಕೆಂಪು ನೂಲು ಕಟ್ಟುತ್ತಾಳೆ. ಒಂದೇ ಬಟ್ಟೆಯನ್ನು ಇಬ್ಬರು ನೇಯ್ದರೆ ಅವರವರು ಶುರು ಮಾಡಿದ ಕಡೆ ಅಂಚಿಗೆ ಅವರವರ ಗುರುತಿನ ನೂಲು ಕಟ್ಟಬೇಕು. ಥಾವ್ರಿಯದು ಬಿಳಿ, ಕೋಲಾಪ್‌ಳದು ಹಸಿರು.

ಕೋಲಾಪ್‌ಳ ಕಣ್ಣಿಗೆ ಮಬ್ಬು ಕವಿದದ್ದು ಅವಳಿಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನಮ್ಮದು ನೇಯುವ ಮೊದಲೇ ನೂಲಿಗೆ ಗಂಟು ಕಟ್ಟಿ ಬಣ್ಣ ಹಾಕುವ ರೇಷ್ಮೆ. ಅಡ್ಡ ಹೋಗುವ ಹೊಕ್ಕಿನ ಎಳೆಯಲ್ಲೇ ಹೂವು ಅಡಗಿರುತ್ತದೆ, ಪ್ರತಿ ಎಳೆಯನ್ನೂ ಕಣ್ಣಿಟ್ಟು ಕೂರಿಸದಿದ್ದರೆ ಮೊಗ್ಗಿನ ಅಂಚು ಹಲ್ಲು ಹಲ್ಲಾಗುತ್ತದೆ. ಹಸಿರು ನೂಲಿನ ಕಡೆಯೆಲ್ಲ ಕೆಂಪು ನೂಲು ಬೀಳತೊಡಗಿತು. ರಚನಾ ಥಾವ್ರಿಯನ್ನು ಮಾತ್ರ ಪಕ್ಕಕ್ಕೆ ಕರೆದು, "ದೊಡ್ಡಮ್ಮಾ, ಇನ್ನೊಂದು ಸಲ ಹೀಗಾದ್ರೆ ಆ ಮಗ್ಗಕ್ಕೆ ಹೂವಿನ ನೂಲು ಕೊಡೋಕಾಗಲ್ಲ, ಅಂಗಡಿಯವರು ಒಪ್ಪಲ್ಲ," ಎಂದಳು.

ಅಕ್ಕ ಏನು ಮಾಡಬೇಕಿತ್ತು? "ಕೋಲಾಪ್, ನಿನಗೆ ಕಣ್ಣು ಕಾಣಿಸ್ತಿಲ್ಲ ಕಣೇ," ಎನ್ನಬೇಕಿತ್ತು. ನಾನಾಗಿದ್ದರೆ ಅಂದಿರುತ್ತಿದ್ದೆ. ಅಕ್ಕನಿಗೆ ಬಾಯಿ ಬರಲಿಲ್ಲ. ಒಂದು ದಿನ ಮಧ್ಯಾಹ್ನ ತಾನು ಮಗ್ಗಕ್ಕೆ ಕೂರದೆ, ಕೋಲಾಪ್ ಮನೆಗೆ ಹೋದ ಮೇಲೆ ಅವಳು ನೇಯ್ದ ಒಂದು ಗೇಣನ್ನು ಎಳೆ ಎಳೆಯಾಗಿ ಬಿಚ್ಚಿ, ತಾನೇ ಕೂತು ಮತ್ತೆ ನೇಯ್ದಿಟ್ಟಳು.

ನಮ್ಮಲ್ಲಿ ಬದುಕಿರುವವಳ ನೇಯ್ಗೆಯನ್ನು ಇನ್ನೊಬ್ಬಳು ಬಿಚ್ಚುವುದಿಲ್ಲ. ಸತ್ತವಳದನ್ನು ಬಿಚ್ಚಬಹುದು, ಅವಳಿಗೇನು ನೋವು? ಬದುಕಿದ್ದವಳದನ್ನು ಬಿಚ್ಚಿದರೆ ಅವಳು ಸತ್ತಳೆಂದೇ ಲೆಕ್ಕ ಹಾಕಿದ ಹಾಗೆ. ಇದು ಗೊತ್ತಿದ್ದೂ ಅಕ್ಕ ಬಿಚ್ಚಿದಳು. ಕಣ್ಣು ಮಬ್ಬಾದವಳಿಗೆ ಕಾಣುವುದಿಲ್ಲ ಅಂದುಕೊಂಡಳು, ಪಾಪ.

ಬೆಳಿಗ್ಗೆ ಕೋಲಾಪ್ ಬಂದು ಮಗ್ಗದಲ್ಲಿ ಕೂತು ಬಟ್ಟೆಯ ಮೇಲೆ ಬೆರಳಾಡಿಸಿದಳು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಬಿಗಿಯಾದ ಹೊಡೆತ ತನ್ನದಲ್ಲ, ಬಿಚ್ಚಿ ನೇಯ್ದ ಎಳೆಯ ರೋಮ ಬೇರೆ ಎದ್ದಿದೆ.

"ನನ್ನ ನೇಯ್ಗೆ ಬಿಚ್ಚಿದ್ಯೇನೇ?" ಅವಳ ಕೂಗಿಗೆ ನಾನು ಒಲೆ ಬಿಟ್ಟು ಓಡಿ ಬಂದೆ. "ನನ್ನ ಹೆಣ ಎತ್ತಾಯ್ತೇನೇ ನಿಂಗೆ? ಸುಟ್ಟು ಬೂದಿ ಮಾಡಿ ಬಂದ್ಯೇನೇ?"

ಥಾವ್ರಿ ನೂಲು ಸುತ್ತುವ ರಾಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ರಾಟೆ ತಿರುಗಿಸುತ್ತಲೇ ಇದ್ದಳು.

"ನೋಡೇ, ಸಾಯೋವರ್ಗೂ ನಿನ್ನ ಹತ್ರ ಒಂದು ಮಾತಾಡಲ್ಲ ನಾನು," ಎಂದಳು ಕೋಲಾಪ್.

ಆಡಿದ ಮಾತು ಉಳಿಸಿಕೊಂಡಳು, ಹಾಳಾದವಳು.

ಮಾತು ಬಿಟ್ಟರೂ ಮಗ್ಗ ಬಿಡಲಿಲ್ಲ, ಅದೇ ಸೋಜಿಗ. ಬೆಳಿಗ್ಗೆ ಅವಳು, ಮಧ್ಯಾಹ್ನ ಇವಳು. ನಡುವೆ ಕೋಲಾಪ್ ನಾಯಿಯ ಜೊತೆ ಮಾತಾಡುವಳು. "ಏ ನಾಯಿ, ಆ ದೊರೆಸಾನಿಗೆ ಹೇಳು, ಸುತ್ತಿಟ್ಟ ನೂಲು ಮುಗೀತು ಅಂತ." ಅಕ್ಕ ನೂಲು ತಂದಿಟ್ಟು ಹೋಗುವಳು. "ಏ ನಾಯಿ, ಇವತ್ತು ಸಾರಿಗೆ ಹುಣಸೆ ಜಾಸ್ತಿ ಹಾಕಿದಾರೆ ಅಂತ ಹೇಳು." ಮರುದಿನ ಸಾರಿಗೆ ಹುಳಿ ಕಮ್ಮಿ. ನಗಬೇಕೋ ಅಳಬೇಕೋ ತಿಳಿಯದು.

ನಾನು ಅಕ್ಕನಿಗೆ ಬೈದೆ. "ಹೋಗಿ ಒಂದು ಮಾತಾಡಿಸಕ್ಕಾ. ಕೋಪದಲ್ಲಿ ಕೊಯ್ದ ಮೂಗು ಶಾಂತಿಲಿ ಬಂದೀತಾ?"

"ಏನಂತ ಮಾತಾಡಿಸ್ಲಿ?"

"ಏನೋ ಒಂದು! ಊಟ ಆಯ್ತಾ ಅನ್ನು!"

"ನಾಳೆ ಅಂತೀನಿ," ಎಂದಳು. ದಿನಾ ಅದೇ ನಾಳೆ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಕೇಂದ್ರದಲ್ಲಿ ಸಭೆಯಿತ್ತು. ಥಾವ್ರಿ ಬೆಳಿಗ್ಗೆಯೇ ಹೋದಳು. ಕೋಲಾಪ್, "ನಂಗೆ ಮೈ ಸರಿಯಿಲ್ಲ, ನೇಯ್ತಾ ಕೂರ್ತೀನಿ," ಎಂದು ಉಳಿದಳು. ಅಂದು ಇಡೀ ದಿನ ಟಕ ಟಕ ಕೇಳಿಸುತ್ತಲೇ ಇತ್ತು. ಸಂಜೆ ಮನೆಗೆ ಹೊರಟವಳು ನನ್ನ ಒಲೆಯ ಹತ್ತಿರ ನಿಂತು ಎಲೆಯಡಿಕೆ ಉಗಿದು, "ನಾಳೆ ಬೆಳಿಗ್ಗೆ ನಿಮ್ಮಕ್ಕ ಕಿರುಚ್ತಾಳೆ ನೋಡ್ತಿರು," ಎಂದು ನಕ್ಕಳು. ಜ್ವರದ ಕಣ್ಣು ಹೊಳೆಯುತ್ತಿತ್ತು. ಏನೋ ಬಡಬಡಿಸುತ್ತಾಳೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ರಾತ್ರಿ ಜ್ವರ ಏರಿತು, ಎದೆ ಕಟ್ಟಿತು. ಥಾವ್ರಿ ಮಗ್ಗ ಬಿಟ್ಟು ದಿನವೂ ಕೊಳ ಸುತ್ತಿ ಹೋಗಿ ಅವಳ ಏಣಿಯ ಕೆಳಗೆ ನಿಲ್ಲುವಳು, ಮೇಲಿನಿಂದ ಒಂದು ಸಲ ಕರೆಯಲಿ ಎಂದು. ಮಲಗಿದವಳಿಗೆ ಕರೆಯಲು ತ್ರಾಣವೆಲ್ಲಿತ್ತು? ಕೊನೆಗೆ ನಾನೇ ರಟ್ಟೆ ಹಿಡಿದು ಮೇಲೆ ಹತ್ತಿಸಿದೆ. ಅಷ್ಟರಲ್ಲಿ ಕೋಲಾಪ್‌ಗೆ ಯಾರ ಗುರುತೂ ಇರಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಮಗ್ಗದ ಮೇಲೆ ಇನ್ನು ಒಂದು ಮೊಳದಷ್ಟು ಹಾಸು ಉಳಿದಿತ್ತು. ನೇಯ್ದ ಬಟ್ಟೆ ಮುಂದಿನ ದಿಂಡಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅಕ್ಕ ಅದನ್ನು ಮುಟ್ಟಲಿಲ್ಲ. ದಿನಾ ಮಧ್ಯಾಹ್ನ ಊರು ಮಲಗಿದಾಗ ಮಗ್ಗದ ಪಕ್ಕದ ಚಾಪೆಯಲ್ಲಿ ಕೂರುವಳು. ಕೋಲಾಪ್ ಕೂರುವ ಹಲಗೆಯ ಮೇಲೆ ಎಲೆಯಡಿಕೆ ಮಡಿಸಿಟ್ಟು, ಪಕ್ಕದಲ್ಲಿ ನೂಲು ಸುತ್ತಿಟ್ಟು, ಕಾಯುವಳು. ಊರ ಹೆಂಗಸರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಮಕ್ಕಳನ್ನು ಕೊಳದ ಇನ್ನೊಂದು ದಾರಿಯಲ್ಲಿ ಕಳಿಸಿದರು. ಮೊದಲೇ ಮಾತಿಲ್ಲದ ಮನೆ, ಈಗ ಹೆಜ್ಜೆಸಪ್ಪಳವೂ ಇಲ್ಲದಾಯಿತು.

"ದೆವ್ವಾನ ಕರೀತಿದೀಯಲ್ಲಕ್ಕಾ, ನಿಂಗೆ ಭಯ ಆಗಲ್ವಾ?" ಎಂದು ನಾನು ಕೇಳಿದೆ.

"ಕೋಲಾಪ್ ದೆವ್ವ ಏನೇ? ಕೋಲಾಪ್ ಕಣೇ ಅವಳು."

"ಬಂದ್ರೆ ಏನ್ ಹೇಳ್ತೀಯ?"

ಅಕ್ಕ ಸುತ್ತುತ್ತಿದ್ದ ನೂಲನ್ನು ಪಕ್ಕಕ್ಕಿಟ್ಟಳು. "ಊಟ ಆಯ್ತಾ, ಅಂತೀನಿ."

ನನಗೆ ಸಿಟ್ಟು ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಒಲೆಗೆ ಬಂದು ಸುಮ್ಮಸುಮ್ಮನೆ ಸೌದೆ ಒಟ್ಟಿದೆ, ಆವತ್ತಿನ ಹಳದಿ ಸೀದು ಕಂದಾಯಿತು.

ನೂರನೇ ದಿನದ ಮುನ್ನಾ ದಿನ ರಚನಾ ಮತ್ತು ವಿಹಾರದಲ್ಲಿ ಪೂಜೆ ಮಾಡಿಸುವ ಆಚಾರ್ ತಾತ ಇಬ್ಬರೂ ಬಂದರು. ಬಿಸಿಲು ಕೆಂಡದಂತಿತ್ತು. ತಾತ ನೆರಳಲ್ಲಿ ಕೂತು, "ನಾಳೆ ಪೂಜೆ ಕಣಮ್ಮ. ಬಟ್ಟೆ ಇಲ್ದೆ ಹೇಗೆ ಮಾಡ್ಲಿ? ಅವಳನ್ನ ಕಳಿಸಿಕೊಡು. ಹಿಡಿದಿಟ್ಕೊಂಡ್ರೆ ಅವಳಿಗೂ ಸುಖ ಇಲ್ಲ," ಎಂದ.

ರಚನಾ ಅಕ್ಕನ ಕೈ ಹಿಡಿದುಕೊಂಡಳು. "ಈ ಬಟ್ಟೆ ಕೇಂದ್ರಕ್ಕೆ ಬೇಡ ದೊಡ್ಡಮ್ಮಾ, ವಿಹಾರಕ್ಕೇ ಹೋಗಲಿ. ಆದ್ರೆ ಮಗ್ಗ ಖಾಲಿಯಾಗದೇ ಹೊಸ ಹಾಸು ಹೇಗೆ ಕೊಡ್ಲಿ? ನೀವು ಊಟಕ್ಕೇನು ಮಾಡ್ತೀರಿ? ನಾನೇ ಯಾರನ್ನಾದ್ರೂ ಕಳಿಸಿ ನೇಯಿಸ್ಲಾ?"

"ಬೇರೆಯೋರು ಮುಟ್ಟಬಾರ್ದು," ಎಂದಳು ಅಕ್ಕ. ಆಮೇಲೆ, "ಇವತ್ತೊಂದು ಮಧ್ಯಾಹ್ನ ಬಿಡು ಮಗೂ. ಸಂಜೆಗೆ ಕತ್ತರಿಸಿಕೊಡ್ತೀನಿ," ಎಂದು ಕೈ ಮುಗಿದಳು. ಯಾರ ಹತ್ತಿರವೂ ಎರಡು ಮಾತು ಆಡದವಳು ಕೈ ಮುಗಿದು ಬೇಡಿದ್ದು ಕಂಡು ರಚನಾಳ ಕಣ್ಣಲ್ಲಿ ನೀರು ಬಂತು. ಅವರು ಎದ್ದು ಹೋದರು.

ಅಂದು ನಾನೂ ಅಕ್ಕನ ಜೊತೆ ಕೂತೆ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಒಬ್ಬಳನ್ನೇ ಬಿಡಲು ಮನಸ್ಸಾಗಲಿಲ್ಲ ಅಷ್ಟೇ. ಗಾಳಿ ಇಲ್ಲ. ತಾಳೆಮರದ ಗರಿ ಅಲ್ಲಾಡುವುದಿಲ್ಲ. ಹಲಗೆಯ ಮೇಲೆ ಎಲೆಯಡಿಕೆ ಬಾಡುತ್ತಿತ್ತು. ಅಕ್ಕ ಮಗ್ಗದಿಂದ ಕಣ್ಣು ಕೀಳಲಿಲ್ಲ.

ಇದ್ದಕ್ಕಿದ್ದಂತೆ ಟಕ ಟಕ ಎಂದಿತು.

ಅಕ್ಕ ದಿಗ್ಗನೆ ಎದ್ದು ನಿಂತಳು. ಮುಖ ಅರಳಿಬಿಟ್ಟಿತು. ತುಟಿ ತೆರೆದಳು, "ಊಟ..." ಎಂದಳು.

ಹಿಂದಿನ ಕಂಬಕ್ಕೆ ನನ್ನ ಹಸು ಕೊಂಬು ತಿಕ್ಕುತ್ತಿತ್ತು. ನಾನು ಅದಕ್ಕೆ ಬಾಯಿಗೆ ಬಂದಂತೆ ಬೈದು ಓಡಿಸಿ ಬಂದೆ. ಅಕ್ಕ ಮತ್ತೆ ಕೂತಿದ್ದಳು.

ನಿದ್ದೆ ಮುಗಿಸಿ ಊರು ಎದ್ದಿತು. ಅತ್ತ ಒಂದು ಮಗ್ಗ, ಇತ್ತ ಒಂದು ಮಗ್ಗ ಶುರುವಾಯಿತು. ಸತ್ತವರು ಬರುವ ಹೊತ್ತು ಮೀರಿತು.

"ಬರಲಿಲ್ಲ ಕಣೇ," ಎಂದಳು ಅಕ್ಕ. "ಅಷ್ಟೊಂದು ಸಿಟ್ಟು ಅವಳಿಗೆ. ಸತ್ತ ಮೇಲೂ ಇಳೀಲಿಲ್ಲ."

ಅವಳು ಎದ್ದು ಮಗ್ಗದಲ್ಲಿ ಕೂತು ಉಳಿದ ಮೊಳವನ್ನು ನೇಯ್ದಳು. ನಾನು ನೂಲು ಸುತ್ತಿಕೊಟ್ಟೆ. ಅವಳ ಕಣ್ಣೀರು ಕೈಮೇಲೆ ಬೀಳುತ್ತಿತ್ತು, ರೇಷ್ಮೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನೇಯುತ್ತಿದ್ದಳು. ಹೊತ್ತು ಇಳಿಯುವಾಗ ಕತ್ತರಿ ಹಾಕಿದಳು.

ಮಡಿಸುವುದಕ್ಕಾಗಿ ಇಬ್ಬರೂ ಬಟ್ಟೆಯನ್ನು ದಿಂಡಿನಿಂದ ಬಿಚ್ಚುತ್ತಾ ಚಾಪೆಯ ಮೇಲೆ ಹರಡಿದೆವು. ಈಗ ನೇಯ್ದ ಮೊಳ, ಅದರ ಹಿಂದೆ ಸಭೆಯ ದಿನ ಕೋಲಾಪ್ ನೇಯ್ದದ್ದು, ಅಂಚಿನಲ್ಲಿ ಅವಳ ಹಸಿರು ನೂಲು. ಅದರ ಹಿಂದಿನದು ಸಭೆಯ ಮುನ್ನಾ ದಿನ ಥಾವ್ರಿ ನೇಯ್ದ ಗೇಣು. ಬಿಳಿ ನೂಲೂ ಇತ್ತು. ಅಕ್ಕನ ಕೈ ಅಲ್ಲೇ ನಿಂತುಬಿಟ್ಟಿತು.

"ಪೋವ್, ಇದು ನೋಡೇ. ಇದು ನಂದಲ್ಲ."

ಬಗ್ಗಿ ನೋಡಿದೆ. ಬಿಳಿ ನೂಲಿನಿಂದಾಚೆ ಇರಬೇಕಾದದ್ದು ಅಕ್ಕನ ಬಿಗಿ ಹೊಡೆತ, ಕತ್ತರಿಸಿದಂಥ ಮೊಗ್ಗು. ಅಲ್ಲಿದ್ದದ್ದು ಸಡಿಲ ನೇಯ್ಗೆ, ಹಲ್ಲು ಹಲ್ಲು ಮೊಗ್ಗು, ಬಿಚ್ಚಿ ನೇಯ್ದ ಎಳೆಯ ಮೇಲೆದ್ದ ರೋಮ. ಥಾವ್ರಿ ನೇಯ್ದ ಗೇಣನ್ನು ಕೋಲಾಪ್ ಪೂರ್ತಿ ಬಿಚ್ಚಿ, ತನ್ನ ಮಬ್ಬುಗಣ್ಣಲ್ಲಿ ಕೂತು ಮತ್ತೆ ನೇಯ್ದಿದ್ದಳು. ಬಿಳಿ ನೂಲಿನ ಪಕ್ಕಕ್ಕೆ ಇನ್ನೊಂದು ಹಸಿರು ನೂಲು ತಂದು ಎರಡನ್ನೂ ಸೇರಿಸಿ ಗಂಟು ಹಾಕಿದ್ದಳು.

ಇಡೀ ದಿನ ಕೇಳಿಸಿದ ಆ ಟಕ ಟಕ ಇದೇ. 'ನಾಳೆ ಬೆಳಿಗ್ಗೆ ನಿಮ್ಮಕ್ಕ ಕಿರುಚ್ತಾಳೆ' ಎಂದು ನಕ್ಕದ್ದೂ ಇದಕ್ಕೇ. ಅವಳು ಹೇಳಿದ್ದನ್ನು ಅಕ್ಕನಿಗೆ ಹೇಳಿದೆ.

ಅಕ್ಕ ಕ್ರಮಾದಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕಿತು. ಅಳುತ್ತಾಳೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದಳು.

"ನನ್ನೂ ಸಾಯಿಸಿದಾಳೆ ನೋಡೇ! ನಿಂದಕ್ಕೆ ನಂದು ಸರಿಹೋಯ್ತು ಅಂತ! ಸಿಟ್ಟಿದ್ದಿದ್ರೆ ಕತ್ತರಿ ಹಾಕಿರೋಳು, ಇದು ಕೀಟಲೆ ಕಣೇ, ಬರೀ ಕೀಟಲೆ. ನಾನು ಬಂದು ಕಿರುಚ್ಲಿ ಅಂತ ಕಾದಿರ್ತಾಳೆ. ಏಣಿ ಕೆಳಗೆ ನಾನು ಕಾಯ್ತಿದ್ದೆ, ಮೇಲೆ ಅವಳು ಕಾಯ್ತಿದ್ಲು."

ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ನಾನು ಅವಳ ಬೆನ್ನು ಸವರುತ್ತಾ ಕೂತೆ. ಅಕ್ಕ ಆ ಗೇಣಿನ ಮೇಲೆ ಕೈಯಿಟ್ಟುಕೊಂಡು, "ಇನ್ಮೇಲೆ ಮಾತು ಬಿಡೋಕೂ ನಂಗೆ ಯಾರೂ ಇಲ್ಲ ಕಣೇ, ಪೋವ್," ಎಂದಳು.

"ನಾನಿಲ್ವಾ? ಬೇಕಾದ್ರೆ ನನ್ನ ಹತ್ರ ಬಿಡು," ಎಂದೆ.

"ನಿನ್ನ ಹತ್ರ ಬಿಟ್ರೆ ಸಂಜೆಯೊಳಗೆ ನೀನೇ ಬಂದು ಮಾತಾಡಿಸ್ತೀಯ."

ಅದೂ ನಿಜವೇ.

ಮರುದಿನ ಪೂಜೆಯಲ್ಲಿ ಬಟ್ಟೆಯನ್ನು ವಿಹಾರಕ್ಕೆ ಕೊಟ್ಟೆವು. ಕೊಡುವ ಮೊದಲು ರಚನಾ ಆ ಗೇಣನ್ನು ನೋಡಿದಳು, ಕೆಂಪು ನೂಲು ಹುಡುಕಲಿಲ್ಲ. ಹೊಸವರ್ಷ ಕಳೆದ ಮೇಲೆ ಹೊಸ ಹಾಸು ಬಂತು. ಈಗ ಊರ ಹೆಂಗಸರು ಮತ್ತೆ ಆ ದಾರಿಯಲ್ಲಿ ಓಡಾಡುತ್ತಾರೆ. ಆದರೆ ನಿಂತು ಮಾತಾಡುವವರಿಲ್ಲ, ಮಾತಾಡದವಳ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ? ಬೆಳಿಗ್ಗೆಯೂ ಟಕ್, ಸಂಜೆಯೂ ಟಕ್. ಊಟದ ಹೊತ್ತಿಗೆ ಮಗ್ಗ ನಿಲ್ಲುತ್ತದೆ. ಆಗ ಅಕ್ಕ, ಕೋಲಾಪ್ ನೂಲು ಸುತ್ತುತ್ತಿದ್ದ ಆ ಖಾಲಿ ಚಾಪೆಯ ಕಡೆ ತಿರುಗಿ, "ಊಟ ಆಯ್ತಾ?" ಎಂದು ಕೇಳುವುದು ನನ್ನ ಒಲೆಯವರೆಗೂ ಕೇಳಿಸುತ್ತದೆ.

ಕೇಳಿದ್ದು ನನ್ನನ್ನಲ್ಲ ಎಂದು ಗೊತ್ತು. ಆದರೂ ನಾನು ಇಲ್ಲಿಂದಲೇ, "ಆಯ್ತಕ್ಕಾ," ಎಂದು ಕೂಗುತ್ತೇನೆ.